ಸ್ವಂತ ಮನೆಯಲ್ಲಿ ಒಂದು ಬೆಳಗ್ಗೆ

ನಮ್ಮ ಹೊಸ ಮನೆ ಒಕ್ಕಲಾದ ದಿನ ಸಂಜೆಯೇ ನಾವು ಆ ಮನೆಯಿಂದ ಹೊರಬಿದ್ದೆವು.

ಯಾರೂ ಓಡಿಸಿದ್ದಲ್ಲ. ಬೆಳಗ್ಗೆ ಗಣಹೋಮವಾಗಿತ್ತು. ಹಾಲು ಉಕ್ಕಿತ್ತು. ಪಾಯಸದ ಊಟ ಮುಗಿಸಿ ನೆಂಟರೆಲ್ಲ ಹೊರಟಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಚಾಪೆ ಹಾಸಲು ಜಾಗ ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ಗಂಡನ ಮೊಬೈಲು ಟಿಣ್ ಎಂದಿತು. ಮನೆಗಳನ್ನು ದಿನದ ಬಾಡಿಗೆಗೆ ಕೊಡುವ ಆ್ಯಪಿನಲ್ಲಿ ನಮ್ಮ ಮೊತ್ತಮೊದಲ ಬುಕಿಂಗ್. ಆರು ಜನ, ಎರಡು ರಾತ್ರಿ. ಧರ್ಮಸ್ಥಳಕ್ಕೆ ಬಂದವರು ಅಲ್ಲಿ ರೂಮು ಸಿಗದೆ ಉಜಿರೆಯಲ್ಲಿ ಹುಡುಕುತ್ತಿದ್ದರು. ಇನ್ನೊಂದು ಗಂಟೆಯಲ್ಲಿ ನಮ್ಮ ಬಾಗಿಲಲ್ಲಿರುತ್ತಾರಂತೆ.

"ಒಕ್ಕಲಾದ ರಾತ್ರಿ ಮನೆಯನ್ನು ಖಾಲಿ ಬಿಡಬಾರದು" ಎಂದರು ನನ್ನ ಅಮ್ಮ. ನಮ್ಮ ಕಡೆಯ ಪದ್ಧತಿ ಅದು. ಮನೆಯವರು ಅಲ್ಲೇ ಮಲಗಿ ಅಲ್ಲೇ ಏಳಬೇಕು.

"ಖಾಲಿ ಎಲ್ಲಿ ಬಿಡುವುದು ಅತ್ತೆ? ಆರು ಜನ ಮಲಗ್ತಾರಲ್ಲ" ಎಂದರು ನನ್ನ ಗಂಡ.

ಅಮ್ಮ ತಮ್ಮ ಚೀಲ ಎತ್ತಿಕೊಂಡರು. ನಾನು ಹಾಲುಕ್ಕಿಸಿದ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು, ವೇಣೂರಿನ ದಾರಿಯಾಗಿ ಮೂಡುಬಿದಿರೆಯ ನಮ್ಮ ಮನೆಗೆ ವಾಪಸಾದೆ. ನಮ್ಮ ಮನೆ ಎಂದರೆ ಬಾಡಿಗೆ ಮನೆ. ನಾವು ಬಾಡಿಗೆಗೆ ಕೊಟ್ಟದ್ದಲ್ಲ, ನಾವು ಬಾಡಿಗೆಗೆ ಇರುವುದು.

ಇದಾಗಿ ಮೂರು ವರ್ಷ. ಈ ಮೂರು ವರ್ಷಗಳಲ್ಲಿ ಎಲ್ಲೆಲ್ಲಿಯವರೋ ಉಜಿರೆಯ ಆ ಮನೆಯಲ್ಲಿ ಮಲಗಿ ಎದ್ದಿದ್ದಾರೆ. ನಾವಿಬ್ಬರು ಮಾತ್ರ ಒಂದು ದಿನವೂ ಅಲ್ಲಿ ಬೆಳಗು ಕಂಡಿರಲಿಲ್ಲ.

ಈ ಅಂಕಣ ಓದುವವರಿಗೆ ನಮ್ಮ ಸಂಸಾರ ಗೊತ್ತೇ ಇದೆ. ನಾನು ಮೂಡುಬಿದಿರೆಯಲ್ಲಿ ಟೀಚರು. ಇವರಿಗೆ ಸಿದ್ಧಕಟ್ಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಒಬ್ಬನೇ ಮಗ ಮಂಗಳೂರಿನಲ್ಲಿ ಓದುತ್ತಿದ್ದಾನೆ. ಹುಟ್ಟಿದಲ್ಲಿಂದ ನಾನು ಇದ್ದದ್ದೆಲ್ಲ ಬಾಡಿಗೆ ಮನೆಗಳಲ್ಲಿ. ಅಪ್ಪನಿಗೆ ವರ್ಗಾವಣೆಯ ನೌಕರಿ, ಮದುವೆಯಾದ ಮೇಲೆ ಇವರಿಗೆ ಅಂಗಡಿಯ ಸಾಲ. ನಲವತ್ತೆಂಟನೆಯ ವಯಸ್ಸಿಗೆ ಕಡೆಗೂ ಒಂದು ಮನೆ ಕೊಳ್ಳುವ ಯೋಗ ಬಂತು. ಯೋಗ ಬಂದದ್ದು ನನಗೆ ಎಂದು ನಾನಂದುಕೊಂಡೆ. ಅದು ಬಂದದ್ದು ಇವರಿಗೆ.

ಬ್ಯಾಂಕಿನ ಮ್ಯಾನೇಜರರ ಮುಂದೆ ಕುಳಿತ ದಿನವೇ ಅದು ಗೊತ್ತಾಗಬೇಕಿತ್ತು. "ಮನೆ ಯಾವ ಉದ್ದೇಶಕ್ಕೆ? ಸ್ವಂತ ವಾಸಕ್ಕೋ, ಬಾಡಿಗೆಗೋ?" ಎಂದು ಅವರು ಕೇಳಿದರು. "ವಾಸಕ್ಕೆ" ಎಂದೆ ನಾನು. "ಬಾಡಿಗೆಗೆ" ಎಂದರು ಇವರು. ಎರಡೂ ಒಂದೇ ಉಸಿರಿಗೆ ಬಂದವು. ಮ್ಯಾನೇಜರು ಪೆನ್ನು ಕೆಳಗಿಟ್ಟು, "ನೀವಿಬ್ಬರು ಹೊರಗೆ ಹೋಗಿ ಒಮ್ಮೆ ಮಾತಾಡಿಕೊಂಡು ಬನ್ನಿ. ಫಾರ್ಮಿನಲ್ಲಿ ಒಂದೇ ಟಿಕ್ ಹಾಕುವುದಕ್ಕೆ ಆಗುವುದು" ಎಂದರು.

ಹೊರಗೆ ವರಾಂಡದಲ್ಲಿ ನಿಂತು ಇವರು ನನಗೆ ಪಾಠ ಮಾಡಿದರು (ಟೀಚರಿಗೇ ಪಾಠ!). "ನೋಡು ಮಾರಾಯ್ತಿ, ನಿನಗೆ ಶಾಲೆ ಇಲ್ಲಿ, ನನಗೆ ಅಂಗಡಿ ಅಲ್ಲಿ. ಉಜಿರೆಯಲ್ಲಿ ಹೋಗಿ ಕೂತರೆ ಲೋನ್ ಕಟ್ಟುವುದು ಯಾರು? ಮನೆಯ ಸಾಲ ಮನೆಯೇ ತೀರಿಸಬೇಕು. ತೀರಿದ ಮೇಲೆ ನಾವು ಹೋಗಿ ಇರುವ. ಎಷ್ಟು ದಿವಸ ಬೇಕಾದರೂ ಇರುವ."

ಅವರ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಅದೇ ನನ್ನ ಸಂಕಟ. ಬಿ.ಸಿ. ರೋಡಿನ ಫ್ಲ್ಯಾಟು, ಮೂಡುಬಿದಿರೆಯ ಹಳೆಯ ಮನೆ, ಉಜಿರೆಯ ಈ ಮನೆ ಮೂರನ್ನೂ ನೋಡಿ, ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆ ಲೇಸು ಎಂದು ಉಜಿರೆಯನ್ನು ಆರಿಸಿದ್ದರು. ಒಂದು ಕಡೆ ದೇವರ ದರ್ಶನಕ್ಕೆ ಬರುವವರು, ಇನ್ನೊಂದು ಕಡೆ ಹಾಸ್ಟೆಲಿನ ಮಕ್ಕಳನ್ನು ನೋಡಲು ಬರುವ ತಂದೆತಾಯಿಯರು. ದೇವರಿಗೂ ಕಾಲೇಜಿಗೂ ಸೀಸನ್ ತಪ್ಪುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಕಂತು ಒಂದು ತಿಂಗಳೂ ತಪ್ಪಿಲ್ಲ. ಹೀಗೆ ಸರಿಯಾಗಿ ನಡೆಯುವುದರ ಮೇಲೆ ಜಗಳ ಮಾಡುವುದು ಹೇಗೆ?

ಆದರೆ ನೀವೇ ಹೇಳಿ, ಮನೆ ಕೊಳ್ಳುವುದು ಕಂತು ಕಟ್ಟುವುದಕ್ಕಾ?

ಒಕ್ಕಲಿಗೆ ಮೊದಲೇ ಆ್ಯಪಿಗೆ ಫೋಟೋ ತೆಗೆಯಲು ಬಂದ ಹುಡುಗಿ ಮೊದಲು ಮಾಡಿದ ಕೆಲಸ ಗೋಡೆಯ ಮೇಲಿದ್ದ ನಮ್ಮ ಮದುವೆಯ ಫೋಟೋ ಇಳಿಸಿದ್ದು. "ಪರ್ಸನಲ್ ಐಟಂ ಇದ್ದರೆ ಗೆಸ್ಟಿಗೆ ತಮ್ಮ ಮನೆ ಅಂತ ಅನ್ನಿಸುವುದಿಲ್ಲ ಆಂಟಿ" ಎಂದಳು. ನನಗೆ ಅನ್ನಿಸುವುದರ ಬಗ್ಗೆ ಯಾರೂ ಕೇಳಲಿಲ್ಲ. ಮದುವೆಯ ಫೋಟೋ ಮೂಡುಬಿದಿರೆಗೆ ಬಂತು. ನಾನು ಮೆಚ್ಚಿ ತಂದಿದ್ದ ಹೂವಿನ ಬೆಡ್‌ಶೀಟುಗಳೂ ಬಂದವು. ಅಲ್ಲಿ ಬಿಳಿ ಶೀಟು, ಬಿಳಿ ಟವೆಲ್, ಬಿಳಿ ಕಪ್ಪು-ಸಾಸರು. ಬಾಗಿಲ ಪಕ್ಕದಲ್ಲಿ ನಂಬರು ಒತ್ತಿ ತೆರೆಯುವ ಪುಟ್ಟ ಡಬ್ಬಿ, ಅದರೊಳಗೆ ಬೀಗದ ಕೈ. ಗುಡಿಸಿ ಒರೆಸಿ ಶೀಟು ಬದಲಿಸಲು ಪಕ್ಕದ ಓಣಿಯ ವಾರಿಜಕ್ಕ. ನನಗೆ ಉಳಿದ ಕೆಲಸ ಒಂದೇ, ರಿವ್ಯೂ ಓದುವುದು.

ರಿವ್ಯೂ ಓದುವುದು ನನಗೊಂದು ಚಟವಾಯಿತು. ಒಬ್ಬರು ಬರೆದಿದ್ದರು, ಅಡುಗೆಮನೆಯ ಕಿಟಕಿಯಿಂದ ಘಟ್ಟದ ಸಾಲು ಕಾಣುತ್ತದೆ ಎಂದು. ಇನ್ನೊಬ್ಬರು, ಆ ಘಟ್ಟದ ಹಿಂದಿನಿಂದ ಸೂರ್ಯ ಬರುವುದನ್ನು ನೋಡಲಿಕ್ಕಾದರೂ ಇಲ್ಲಿಗೆ ಬನ್ನಿ ಎಂದು. ಮೂರನೆಯವರು ಬರೀ ಫೋಟೋ ಹಾಕಿದ್ದರು: ಕಿಟಕಿಯ ಕಟ್ಟೆಯ ಮೇಲೆ ನನ್ನ ಬಿಳಿ ಕಪ್ಪು, ಕಪ್ಪಿನ ಮೇಲೆ ಹೊಂಬಣ್ಣದ ಬಿಸಿಲು. ಆ ಫೋಟೋವನ್ನು ನಾನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ತೆಗೆದು ನೋಡುತ್ತಿದ್ದೆ. ನನಗೆ ಬೇರೇನೂ ಬೇಕಿರಲಿಲ್ಲ. ಆ ಕಿಟಕಿಯ ಹತ್ತಿರ, ಆ ಹೊತ್ತಿಗೆ, ಒಂದು ಸಲ ನಿಲ್ಲಬೇಕಿತ್ತು.

ಎಷ್ಟು ಸಲ ಹೊರಟೆವು! ದಸರೆ ರಜೆಗೆ ಹೋಗುವ ಎಂದರೆ ದಸರೆಗೆ ಬುಕಿಂಗ್. ದೀಪಾವಳಿಗೆ ಎಂದರೆ ದೀಪಾವಳಿಗೂ ಬುಕಿಂಗ್. ಕಾರ್ತಿಕದಲ್ಲಿ ಲಕ್ಷದೀಪ, ಕೇಳುವುದೇ ಬೇಡ. ಮನೆ ಸ್ವಲ್ಪವಾದರೂ ಖಾಲಿ ಇರುವುದು ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ. ಜಡಿಮಳೆಗೆ ಯಾತ್ರೆ ಯಾರು ಬರುತ್ತಾರೆ? ಆಗ ಅಮ್ಮ ಅಡ್ಡ ಬಂದರು. ಆಟಿಯಲ್ಲಿ ಹೊಸ ಮನೆಗೆ ಮೊದಲ ಸಲ ಹೋಗಿ ಉಳಿಯಬಾರದಂತೆ. ಅಂದರೆ ಹೋಗಬಹುದಾದಾಗ ಮನೆ ಇಲ್ಲ, ಮನೆ ಇದ್ದಾಗ ಹೋಗಬಾರದು.

ಈ ನಡುವೆ ನನ್ನ ಹೊಟ್ಟೆ ಉರಿಸಲೆಂದೇ ಒಬ್ಬರು ಬಂದರು. ತಿಪಟೂರಿನ ಶಶಿಕಲಾ.

ಅವರ ಮಗಳು ಸಿಂಚನಾ ಉಜಿರೆಯ ಕಾಲೇಜಿನಲ್ಲಿ ಡಿಗ್ರಿಗೆ ಸೇರಿದ್ದಳು. ತಾಯಿ ಬಂದು ಸಹಿ ಹಾಕಿದರೆ ತಿಂಗಳಿಗೊಂದು ಶನಿವಾರ ಹಾಸ್ಟೆಲಿನಿಂದ ಹೊರಗೆ ಬಿಡುತ್ತಿದ್ದರು. ಆ ಒಂದು ಶನಿವಾರಕ್ಕೆ ಶಶಿಕಲಾ ತಿಪಟೂರಿನಿಂದ ಬಸ್ಸು ಹತ್ತಿ ಬರುತ್ತಿದ್ದರು. ಲಾಡ್ಜಾದರೆ ಅಡುಗೆ ಮಾಡುವ ಹಾಗಿಲ್ಲವಲ್ಲ, ಅದಕ್ಕೆ ನಮ್ಮ ಮನೆ. ಚೀಲದಲ್ಲಿ ರಾಗಿಹಿಟ್ಟು, ಅವರೆಕಾಳು. ಮಗಳಿಗೆ ಬಡಿಸಿ, ತಲೆಗೆ ಎಣ್ಣೆ ಹಚ್ಚಿ, ಭಾನುವಾರ ಮಧ್ಯಾಹ್ನ ಹಾಸ್ಟೆಲಿಗೆ ಬಿಟ್ಟು ಹೋಗುವುದು. ಹೀಗೆ ಮೂರು ವರ್ಷ.

ಹೋಗುವಾಗ ಪ್ರತಿ ಸಲ ನನಗೆ ಫೋನು. "ಮೇಡಂ, ಹಾಲಿನ ಎರಡನೇ ಕಿಟಕಿ ಚಿಲಕ ಸಡಿಲ ಆಗಿದೆ, ಹೇಳೋಣ ಅಂತ ಮಾಡ್ದೆ." "ಮೇಡಂ, ಹಿಂದುಗಡೆ ಒಂದು ಕರಿಬೇವಿನ ಗಿಡ ನೆಟ್ಟಿದೀನಿ, ವಾರಿಜಮ್ಮಂಗೆ ನೀರು ಹಾಕಕ್ಕೆ ಹೇಳಿ." ಒಮ್ಮೆಯಂತೂ, "ನಿಮ್ ಅಡುಗೆಮನೆ ಕಿಟಕಿ ಇದ್ಯಲ್ಲ ಮೇಡಂ, ಡಿಸೆಂಬರಲ್ಲಿ ಅಲ್ಲಿ ನಿಂತ್ಕೊಂಡು ಕಾಫಿ ಕುಡೀಬೇಕು ಕಣ್ರೀ. ಬಿಸಿಲು ಸೀದಾ ಲೋಟದೊಳಗೇ ಬೀಳುತ್ತೆ" ಎಂದರು.

"ಹೌದಾ?" ಎಂದೆ. ನನ್ನ ಅಡುಗೆಮನೆಯ ಬಗ್ಗೆ ನಾನು ಹೇಳಬಹುದಾಗಿದ್ದದ್ದು ಅಷ್ಟೇ.

ಈ ವರ್ಷ ಮೇ ತಿಂಗಳಲ್ಲಿ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತು. "ಏನು ಬೇಕು ಹೇಳು, ಬಳೆ ತೆಗೆದುಕೊಡ್ತೇನೆ" ಎಂದರು ಇವರು. ಬಳೆ ಬೇಡ, ಉಜಿರೆಯ ಮನೆಯಲ್ಲಿ ಎರಡು ದಿನ ಬೇಕು ಎಂದೆ. ಮೇ ತಿಂಗಳೆಂದರೆ ಮದುವೆ ಸೀಸನ್, ದಿನದ ಬಾಡಿಗೆ ಏರಿರುವ ಕಾಲ. ಬಹುಶಃ ಬಳೆಯೇ ಅಗ್ಗವಾಗುತ್ತಿತ್ತು. ಆದರೂ ಇವರು ಆ್ಯಪು ತೆರೆದು ಶನಿವಾರವನ್ನು ಬ್ಲಾಕ್ ಮಾಡಿದರು. ಕ್ಯಾಲೆಂಡರಿನಲ್ಲಿ ಆ ತಾರೀಕು ಬೂದು ಬಣ್ಣಕ್ಕೆ ತಿರುಗಿದ್ದನ್ನು ನಾನು ಕಣ್ಣಾರೆ ನೋಡಿದೆ.

ಬುಧವಾರ ಶಶಿಕಲಾ ಫೋನ್ ಮಾಡಿದರು.

"ಮೇಡಂ, ಈ ಶನಿವಾರ ಬ್ಲಾಕ್ ಅಂತ ತೋರಿಸ್ತಿದೆ. ಯಾರಾದ್ರೂ ಆಗ್ಲೇ ತಗೊಂಬಿಟ್ರಾ?"

"ಇಲ್ಲ. ನಾವೇ ಇರ್ತೇವೆ."

"ನೀವಾ?" ಅವರ ದನಿಯಲ್ಲಿ ನಿಜವಾದ ಗಾಬರಿ ಇತ್ತು. "ಯಾಕೆ ಮೇಡಂ, ನಿಮ್ಮನೇಲಿ ಏನಾದ್ರೂ ತೊಂದ್ರೆನಾ?"

ನನಗೆ ಎಲ್ಲಿತ್ತೋ ಸಿಟ್ಟು. "ಅದೇ ನಮ್ಮ ಮನೆ" ಎಂದೆ.

"ಅಯ್ಯೋ, ಹೌದಲ್ವಾ" ಎಂದು ನಕ್ಕರು. ಆಮೇಲೆ ವಿಷಯ ಹೇಳಿದರು. ಮಗಳ ಪರೀಕ್ಷೆ ಮುಗಿದಿದೆ. ಭಾನುವಾರ ಹಾಸ್ಟೆಲ್ ಖಾಲಿ ಮಾಡಬೇಕು. "ಊರಿಗೆ ಹೊರಡೋಕೆ ಮುಂಚೆ ಒಂದಿನ ಅಲ್ಲೇ ಇದ್ದು ಹೋಗೋಣ ಅಂತ ಸಿಂಚನಾ ಹಠ ಮಾಡ್ತಿದ್ಲು. ಕೊನೇ ಸಲ ಅಲ್ವಾ. ಪರವಾಗಿಲ್ಲ ಬಿಡಿ ಮೇಡಂ, ಬಸ್‌ಸ್ಟ್ಯಾಂಡ್ ಹತ್ರ ಲಾಡ್ಜಲ್ಲಿ ಇರ್ತೀವಿ."

'ಬನ್ನಿ' ಎನ್ನಬಹುದಿತ್ತು. ಎನ್ನಲಿಲ್ಲ. ಮೂರು ವರ್ಷ ಅವರಿಗೇ ಬಿಟ್ಟುಕೊಟ್ಟಿದ್ದೇನೆ, ಈ ಒಂದು ದಿನವನ್ನೂ ಕೊಡಬೇಕಾ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ನನ್ನನ್ನು ಕೆಟ್ಟವಳು ಎಂದುಕೊಳ್ಳಿ, ಅಡ್ಡಿಯಿಲ್ಲ.

ಶನಿವಾರ ಸಂಜೆ ನಾಲ್ಕಕ್ಕೆ ಉಜಿರೆ ಮುಟ್ಟಿದೆವು. (ಮಗನಿಗೆ ಮಂಗಳೂರಿನಲ್ಲಿ ಪರೀಕ್ಷೆ, ಬರಲಿಲ್ಲ.) ಬಾಗಿಲಲ್ಲಿ ನಿಂತರೆ ಬೀಗದ ಡಬ್ಬಿಯ ನಂಬರು ಇಬ್ಬರಿಗೂ ನೆನಪಿಲ್ಲ. ಗೆಸ್ಟುಗಳಿಗೆ ಕಳಿಸುವ ಮೆಸೇಜು ಹುಡುಕಿ, ಅದರಲ್ಲಿ ನೋಡಿ ಒತ್ತಿದೆವು. 'ನಮ್ಮ ಮನೆಗೆ ಸ್ವಾಗತ' ಎಂದು ಆ ಮೆಸೇಜಿನಲ್ಲಿ ನಾನೇ ಬರೆದಿದ್ದೆ.

ಒಳಗೆ ಹೋದ ಮೇಲೆ ಇಬ್ಬರಿಗೂ ಮಾತು ಸಣ್ಣಗಾಯಿತು. ನೆಂಟರ ಮನೆಯಲ್ಲಿ ಮಾತಾಡುತ್ತೇವಲ್ಲ, ಹಾಗೆ. ನಾನು ಕೈಕಾಲು ತೊಳೆದು ಟವೆಲಿಗೆ ಕೈ ಹಾಕಿದೆ. "ಅದು ಬೇಡ, ಅದು ಗೆಸ್ಟಿಗೆ" ಎಂದರು ಇವರು. ನಗಬೇಡಿ, ನಾನೇನೂ ಕಡಿಮೆಯಿಲ್ಲ. ಆ ಬಿಳಿ ಹಾಸಿಗೆಯನ್ನು ನೋಡಿದ್ದೇ, ಈಗ ಇದರ ಮೇಲೆ ಮಲಗಿದರೆ ವಾರಿಜಕ್ಕ ಇನ್ನೊಮ್ಮೆ ಶೀಟು ಒಗೆಯಬೇಕಲ್ಲ ಎಂದು ನೆಲದ ಮೇಲೆ ಚಾಪೆ ಬಿಡಿಸಿದೆ. ಮೂಡುಬಿದಿರೆಯಿಂದ ಹೂವಿನ ಬೆಡ್‌ಶೀಟು ಕಟ್ಟಿಕೊಂಡು ಬಂದಿದ್ದೆ ಕೂಡ. ಹೊರಡುವಾಗಲೇ ನನ್ನ ಕೈಗೆ ಇದು ಗೊತ್ತಿತ್ತು.

ಚಹಾ ಇಡುವ ಎಂದರೆ ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕು ಖಾಲಿ. ಪಂಪಿನ ಸ್ವಿಚ್ ಎಲ್ಲಿ? ಈ ಮನೆಯ ವೈರಿಂಗ್ ಪೂರ್ತಿ ನಿಂತು ಹೊಸದಾಗಿ ಮಾಡಿಸಿದ ಎಲೆಕ್ಟ್ರಿಕಲ್ ಅಂಗಡಿಯ ಧಣಿ ಟಾರ್ಚು ಹಿಡಿದು ಮೂರು ಸುತ್ತು ಹಾಕಿದರು. "ಇಲ್ಲೇ ಇತ್ತಲ್ಲ" ಎನ್ನುತ್ತಾ ಖಾಲಿ ಗೋಡೆಯನ್ನು ಸವರಿದರು. ವಾರಿಜಕ್ಕನಿಗೆ ಫೋನ್ ಮಾಡಿದೆ. ಅವಳು ಮೆಲ್ಕಾರಿನಲ್ಲಿ ಮದುವೆಗೆ ಹೋಗಿದ್ದಳು. ಹಿಂದೆ ವಾಲಗದ ಸದ್ದು, ನನ್ನ ಮಾತು ಅವಳಿಗೆ ಕೇಳಿಸುತ್ತಿಲ್ಲ. ಕಡೆಗೆ ಅವಳೇ ಜೋರಾಗಿ ಹೇಳಿದಳು: "ಟೀಚರೇ, ನನಗೆ ಏನೂ ಕೇಳುವುದಿಲ್ಲ. ಅರ್ಜೆಂಟ್ ಆದರೆ ಶಶಿಕಲಮ್ಮನಿಗೆ ಫೋನ್ ಮಾಡಿ. ಅವರಿಗೆ ಎಲ್ಲ ಗೊತ್ತುಂಟು."

ಮಾಡಿದೆ. ಬೇರೆ ದಾರಿಯಿರಲಿಲ್ಲ.

"ಫ್ರಿಜ್ ಹಿಂದೆ ಕೈ ಹಾಕಿ ಮೇಡಂ. ಹೋದ್ ವರ್ಷ ಶಾಕ್ ಹೊಡೀತಿತ್ತು ಅಂತ ವಾರಿಜಮ್ಮ ಯಾರನ್ನೋ ಕರೆಸಿ ಅಲ್ಲಿಗೆ ಬದಲಾಯಿಸಿದ್ರು. ಅರ್ಧ ಗಂಟೆಗೆ ತುಂಬುತ್ತೆ, ಆಫ್ ಮಾಡೋದು ಮರೀಬೇಡಿ" ಎಂದರು. ಲಾಡ್ಜಿನ ಕೋಣೆಯಲ್ಲಿ ಕುಳಿತು ನನ್ನ ಮನೆಯ ಪಂಪು ಆನ್ ಮಾಡಿಸಿದರು. ಒಂದು ಚುಚ್ಚುಮಾತೂ ಆಡಲಿಲ್ಲ. ಚುಚ್ಚಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಐದೂವರೆಗೇ ಎದ್ದೆ. ಮುಖ ತೊಳೆದು, ಕಾಫಿ ಮಾಡಿ, ಬಿಳಿ ಕಪ್ಪಿಗೆ ಸುರಿದು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತೆ. ಘಟ್ಟದ ಸಾಲು ನಿಜವಾಗಿಯೂ ಕಾಣುತ್ತಿತ್ತು. ಇವರನ್ನೂ ಎಬ್ಬಿಸಿ ಕರೆತಂದೆ. ಇಬ್ಬರೂ ಕಾದೆವು. ಆಕಾಶ ಬೆಳ್ಳಗಾಯಿತು. ಹಕ್ಕಿಗಳು ಕೂಗಿದವು. ಕಾಫಿ ಆರಿತು. ಸೂರ್ಯ ಮಾತ್ರ ಬರಲಿಲ್ಲ. ಮೋಡವೂ ಇರಲಿಲ್ಲ. ಎಲ್ಲೋ ಬೆಳಕಾಗುತ್ತಿದೆ, ನಮ್ಮ ಕಿಟಕಿಯಲ್ಲಿ ಅಲ್ಲ.

ಅಷ್ಟರಲ್ಲಿ ಫೋನು. "ಎದ್ದಿದೀರಾ ಮೇಡಂ? ರಾತ್ರಿಯೆಲ್ಲ ಅದೇ ಯೋಚನೆ, ಪಂಪ್ ಆಫ್ ಮಾಡಿದ್ರೋ ಇಲ್ವೋ ಅಂತ."

"ಮಾಡಿದ್ದೇನೆ. ಶಶಿಕಲಾ ಅವರೇ..." ಕೇಳಲು ನಾಚಿಕೆಯಾಯಿತು, ಆದರೂ ಕೇಳಿದೆ. "ಇಲ್ಲಿ ಸೂರ್ಯ ಎಲ್ಲಿಂದ ಬರುವುದು?"

"ಅಯ್ಯೋ, ಕಿಟಕೀಲಿ ನಿಂತಿದೀರಾ? ಅಲ್ಲಿ ಬರೋದು ಚಳಿಗಾಲದಲ್ಲಿ ಮೇಡಂ. ಈಗ ಮೇ ಅಲ್ವಾ, ಉತ್ತರಕ್ಕೆ ಸರಿದಿರ್ತಾನೆ. ಹಿಂದಿನ ಬಾಗಿಲು ತೆಗೆದು ಬಟ್ಟೆ ಒಗೆಯೋ ಕಲ್ಲಿನ ಹತ್ರ ಹೋಗಿ. ಬೇಗ ಹೋಗಿ, ಹಲಸಿನ ಮರದ ಸಂದೀಲಿ ಐದೇ ನಿಮಿಷ."

ಓಡಿದೆವು. ಐವತ್ತರ ಆಸುಪಾಸಿನ ಇಬ್ಬರು, ಬರಿಗಾಲಲ್ಲಿ. ಪಕ್ಕದವರ ಹಲಸಿನ ಮರದ ಎರಡು ಕೊಂಬೆಗಳ ನಡುವೆ, ಶಶಿಕಲಾ ಹೇಳಿದಲ್ಲೇ, ಸೂರ್ಯ ಇದ್ದ. ಒಗೆಯುವ ಕಲ್ಲಿನ ಮೇಲೆ ಬಿಸಿಲು ಬಿದ್ದಿತ್ತು. ಪಕ್ಕದಲ್ಲಿ ಆಳೆತ್ತರದ ಕರಿಬೇವು. ನಾನು ಕಲ್ಲಿನ ಮೇಲೆ ಕುಳಿತೆ. ಇವರು ನನ್ನ ಪಕ್ಕದಲ್ಲಿ ಕುಳಿತರು. ಫೋನಿನಲ್ಲಿ ಶಶಿಕಲಾ "ಸಿಕ್ತಾ ಮೇಡಂ?" ಎಂದು ಕೇಳುತ್ತಲೇ ಇದ್ದರು.

"ಸಿಕ್ಕಿತು. ನೀವು ಮಗಳನ್ನು ಕರೆದುಕೊಂಡು ಈಗಲೇ ಬನ್ನಿ. ತಿಂಡಿ ಇಲ್ಲೇ ಮಾಡುವ" ಎಂದೆ.

ಅರ್ಧ ಗಂಟೆಯಲ್ಲಿ ಬಂದರು. ನಾನು ಉಪ್ಪಿಟ್ಟಿಗೆ ಹೊರಟರೆ ಸಿಂಚನಾ ಒಲೆಯ ಎದುರಿನಿಂದ ನನ್ನನ್ನು ಮೆಲ್ಲನೆ ಸರಿಸಿದಳು. "ಎಡಗಡೆ ಬರ್ನರ್ ಹತ್ತಲ್ಲ ಆಂಟಿ, ನೀವು ಕೂತ್ಕೊಳ್ಳಿ." ಕತ್ತರಿಸುವ ಚಾಕು ಯಾವ ಡ್ರಾಯರಿನಲ್ಲಿದೆ, ಸಾಸಿವೆ ಡಬ್ಬಿ ಎಲ್ಲಿದೆ, ನೋಡದೆ ತೆಗೆಯುತ್ತಿದ್ದಳು. ಕರಿಬೇವು ಕೊಯ್ದು ತಂದಳು. ನನ್ನ ಮನೆಯಲ್ಲಿ ನನಗೆ ತಟ್ಟೆ ಇಟ್ಟು ಬಡಿಸಿದರು. ಎರಡನೇ ಸಲ ಹಾಕಿಸಿಕೊಳ್ಳಲು ಸಂಕೋಚಪಟ್ಟೆ. "ನಾಚ್ಕೋಬೇಡಿ ಮೇಡಂ, ನಿಮ್ಮನೆ ಅಂದ್ಕೊಳ್ಳಿ" ಎಂದುಬಿಟ್ಟರು ಶಶಿಕಲಾ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಎಲ್ಲರೂ ನಕ್ಕೆವು. ನನ್ನ ನಗು ಎಲ್ಲರಿಗಿಂತ ಮೊದಲು ನಿಂತಿತು.

ತಿಂಡಿಯಾದ ಮೇಲೆ ಹುಡುಗಿ ಕೋಣೆಯ ಕಪಾಟು ತೆರೆದು ಏನೋ ಕೀಳುತ್ತಿದ್ದಳು. ಬಾಗಿಲಿನ ಒಳಬದಿಗೆ ಅವಳ ಪರೀಕ್ಷೆಯ ಟೈಮ್‌ಟೇಬಲ್ಲುಗಳು, ಒಂದರ ಮೇಲೊಂದು, ಆರೂ ಸೆಮಿಸ್ಟರಿನವು. ವಾರಿಜಕ್ಕ ನೋಡಿಯೂ ಬಿಟ್ಟಿದ್ದಳು. "ಸಾರಿ ಆಂಟಿ, ಗಮ್ಮಿನ ಕಲೆ ಉಳಿಯುತ್ತೆ" ಎಂದಳು. ನಮ್ಮ ಮದುವೆಯ ಫೋಟೋಗೆ ಜಾಗ ಸಿಗದ ಮನೆ ಅದು. "ಕೀಳಬೇಡ, ಇರಲಿ" ಎಂದೆ. ಆ ಹುಡುಗಿಯ ಮೇಲೆ ಪ್ರೀತಿ ಬಂತು, ಅಸೂಯೆಯೂ ಬಂತು. ಯಾವುದು ಹೆಚ್ಚು ಎಂದು ಕೇಳಬೇಡಿ.

ಹನ್ನೊಂದಕ್ಕೆ ಇವರ ಮೊಬೈಲು ಟಿಣ್ ಎಂದಿತು. ಇವರು ನೋಡಿ, ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಆಗಲೇ ನನಗೆ ಅರ್ಥವಾಯಿತು. ಶನಿವಾರವನ್ನು ಬ್ಲಾಕ್ ಮಾಡಿದ್ದ ಮಹಾನುಭಾವರಿಗೆ ಭಾನುವಾರವನ್ನು ಬ್ಲಾಕ್ ಮಾಡಲು ಮರೆತಿತ್ತು (ಮರೆತಿತ್ತಂತೆ). "ಕ್ಯಾನ್ಸಲ್ ಮಾಡುವುದಾ?" ಎಂದು ಕೇಳಿದರು. ಪಾಪ, ಮನಸ್ಸಿಟ್ಟೇ ಕೇಳಿದರು. ಯಾರು ಬುಕ್ ಮಾಡಿದ್ದು ಎಂದೆ. ಮಗನನ್ನು ಕಾಲೇಜಿಗೆ ಸೇರಿಸಲು ಬರುತ್ತಿರುವ ಒಬ್ಬ ತಾಯಿ, ಮೂರು ಗಂಟೆಗೆ. ಇನ್ನು ಬೇಡ ಎನ್ನುವುದು ಹೇಗೆ?

ಎರಡು ಗಂಟೆಗೆ ನಾಲ್ಕೂ ಜನ ಒಟ್ಟಿಗೇ ಹೊರಟೆವು. ನಾನು ಚಾಪೆ ಸುತ್ತಿದೆ, ಹೂವಿನ ಬೆಡ್‌ಶೀಟು ಮಡಚಿದೆ, ನಾವು ಇದ್ದ ಗುರುತು ಉಳಿಯದ ಹಾಗೆ ಗುಡಿಸಿದೆ. ಶಶಿಕಲಾ ಕರಿಬೇವಿಗೆ ಒಂದು ಚೊಂಬು ನೀರು ಹಾಕಿ ಬಂದರು. ಸಿಂಚನಾ ಹೊಸ್ತಿಲು ದಾಟಿದವಳು ತಿರುಗಿ ನಿಂತಳು. ಒಳಗೆ ಒಮ್ಮೆ ನೋಡಿದಳು. ಮುಖ ಸಣ್ಣದಾಯಿತು. ಆಮೇಲೆ ಅಮ್ಮನ ಹೆಗಲಿಗೆ ಹಣೆ ಒತ್ತಿ ಅತ್ತಳು, ತವರು ಬಿಟ್ಟು ಹೊರಟ ಹೆಣ್ಣುಮಕ್ಕಳು ಅಳುವ ಹಾಗೆ. ಶಶಿಕಲಾ ಅವರ ಕಣ್ಣೂ ತುಂಬಿತ್ತು.

ನಾನು ಬೀಗ ಹಾಕಿ ಕೀಯನ್ನು ಡಬ್ಬಿಯಲ್ಲಿಟ್ಟೆ. ನನಗೂ ಅಳು ಬರಬಹುದೆಂದು ಒಂದು ನಿಮಿಷ ಕಾದೆ. ಬರಲಿಲ್ಲ. ಬಿಟ್ಟು ಹೊರಡುವಾಗ ಕಣ್ಣೀರು ಬರುವಷ್ಟು ದಿನ ಸ್ವಂತ ಮನೆಯಲ್ಲಿ ಇರಬೇಕೆಂದರೆ ನಾನು ಯಾರ ಹತ್ತಿರ ಬುಕಿಂಗ್ ಮಾಡಿಸಬೇಕು?